ಕಾಪುವಿನ ಗೀಸರ್ ರಿಪೇರಿಯವರು

ಶಿರ್ವದ ನಮ್ಮ ಮನೆಯ ಗೀಸರ್ ಕೆಟ್ಟಾಗಲೆಲ್ಲ ಕಾಪುವಿನಿಂದ ಬ್ಯಾರಿ ಸಮುದಾಯದ ರಿಪೇರಿಯವರೊಬ್ಬರು ಬರುತ್ತಿದ್ದರು. ಬೆರಳಿನ ಗಂಟಿನಿಂದ ಟ್ಯಾಂಕ್ ತಟ್ಟಿ, ಕಿವಿಗೊಟ್ಟು ಕೇಳುವರು. ನಾವೇನು ಕೇಳಿದರೂ, "ಅವಸರ ಎಂತಕ್ಕೆ? ನೋಡುವ," ಎನ್ನುವರು.

ಒಂದು ಬೆಳಿಗ್ಗೆ ನಲ್ಲಿಯಿಂದ ನೀರಿನ ಬದಲು ಹಬೆ ನುಗ್ಗಿತು. ಅವರಿಗೆ ಫೋನ್ ಮಾಡಿದೆ. ಬಂದವರು ಬಚ್ಚಲುಮನೆಯ ಬಾಗಿಲಲ್ಲೇ ನಿಂತರು. ಒಳಗೆ ಗೀಸರ್ ಗುಡುಗುಡು ಎನ್ನುತ್ತಿತ್ತು. ಸ್ವಿಚ್ ಆರಿಸಿದ್ದರೂ ಕೆಂಪು ದೀಪ ಉರಿಯುತ್ತಿತ್ತು. ಅವರು ಓಡಿಹೋಗಿ ಮೇನ್ ಸ್ವಿಚ್ ಎಳೆದರು. ದೀಪ ಆರಿತು, ಸದ್ದು ನಿಲ್ಲಲಿಲ್ಲ.

"ಹಬೆ ಹೋಗುವ ವಾಲ್ವ್ ಕಟ್ಟಿಕೊಂಡಿದೆ. ಟ್ಯಾಂಕ್ ಒಡೆದರೂ ಒಡೆಯಬಹುದು. ಅಂಗಳಕ್ಕೆ ನಡೆಯಿರಿ. ಈ ಗೋಡೆಯ ಆಚೆ ಯಾರಿದ್ದಾರೆ?"

"ಅಮ್ಮ. ಅವರಿಗೆ ನಡೆಯಲು ಆಗುವುದಿಲ್ಲ."

ನನ್ನ ಮಾತು ಮುಗಿಯುವ ಮೊದಲೇ ಅವರು ಕೋಣೆಗೆ ನುಗ್ಗಿ, ಹೊದಿಕೆ ಸಮೇತ ಅಮ್ಮನನ್ನು ಎತ್ತಿಕೊಂಡರು. ಅಮ್ಮ ಅವರ ಹೆಗಲಿಗೆ ಗುದ್ದುತ್ತ ಕೊಂಕಣಿಯಲ್ಲಿ ಬೈದಳು.

"ಆಯ್ತು ಅಮ್ಮ, ಆಯ್ತು. ಕುತ್ತಿಗೆ ಹಿಡಿದುಕೊಳ್ಳಿ."

ಅಂಗಳದ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿದ ಮೇಲೆ ಮೂವರೂ ಬಚ್ಚಲಿನ ಕಿಟಕಿಯನ್ನೇ ನೋಡುತ್ತ ಉಳಿದೆವು. ರಿಪೇರಿಯವರು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು. ಬಹಳ ಹೊತ್ತಾದ ಮೇಲೆ ಗುಡುಗುಡು ಇಳಿಯಿತು, ಕೊನೆಗೆ ನಿಂತಿತು. ಮತ್ತೂ ಕಾದು ಅವರೊಬ್ಬರೇ ಒಳಗೆ ಹೋಗಿ ನೋಡಿ ಬಂದರು.

"ಇನ್ನು ಹೆದರಿಕೆ ಇಲ್ಲ. ಬನ್ನಿ ಅಮ್ಮ, ಒಳಗೆ ಬಿಡುತ್ತೇನೆ."

ಅಮ್ಮ ಮಳೆಗಾಲದಿಂದ ಈಚೆಗೆ ಅಂಗಳಕ್ಕೆ ಬಂದಿರಲಿಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಈ ಸಲ ಕನ್ನಡದಲ್ಲಿ ಹೇಳಿದಳು: "ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ ಮಾರಾಯ."

ಅವರು ಅವಳ ಕಣ್ಣಿಗೆ ಬಿಸಿಲು ಹೊಡೆಯದಂತೆ ಅಡ್ಡ ಬಂದು ನಿಂತರು.