ಗಿಡ್ಡ ಕಾಲಿನ ಟ್ರಾನ್ಸಿಸ್ಟರ್

ಮೊನ್ನೆ ಮಿಕ್ಸಿ ರಿಪೇರಿಗೆ ಒಯ್ದಿದ್ದೆ. ಅಂಗಡಿಯವನು ಬೆಸುಗೆ ಹಾಕುವಾಗ ಎದ್ದ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ನಮ್ಮ ಪಕ್ಕದ ಮನೆಯ ರೇಡಿಯೊ ಮಾವ ನೆನಪಾದರು. ಇಷ್ಟು ವರ್ಷವಾದರೂ ಅವರ ಮೇಲಿನ ಸಿಟ್ಟು ಇಳಿದಿಲ್ಲ.

ಮಾವ ಎಂದರೆ ನೆಂಟರೇನಲ್ಲ. ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೊ ರಿಪೇರಿ ಮಾಡುತ್ತಿದ್ದರು. ಶಾಲೆ ಬಿಟ್ಟರೆ ನಾನು ಅವರೆದುರು ಹಾಜರು. ಬೆಸುಗೆ ಹಾಕುವುದನ್ನು ಕಲಿಸಿದವರೂ ಅವರೇ...

ಎಂಬತ್ತರ ದಶಕದ ಆರಂಭ. ನಾನು ಎಸ್ಸೆಸ್ಸೆಲ್ಸಿ. ಕಡೂರಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ, ತೊಟ್ಟಿ ತುಂಬಿದರೆ ಕೂಗುವ ಯಂತ್ರ ಮಾಡಲು ಹೊರಟಿದ್ದೆ. ಕಾಲೇಜಿನಲ್ಲಿ ಸೈನ್ಸ್ ಬೇಕೆಂದು ನನ್ನ ಹಟ, ಹುಡುಗಿಗೆ ಅದೆಲ್ಲ ಯಾಕೆಂದು ಅಪ್ಪನ ಹಟ. ಕೊನೆಗೆ ಅಪ್ಪ, "ಅದು ಕಡೂರಲ್ಲಿ ಕೂಗ್ಲಿ, ಆಮೇಲೆ ಸೈನ್ಸ್ ತಗೊಳ್ಳುವಂತೆ" ಎಂದಿದ್ದರು.

ಟಾರ್ಚ್ ಸೆಲ್ಲು ಮನೆಯಲ್ಲಿತ್ತು. ಬಜರ್ ಶಾಲೆಯದು, ಮೇಷ್ಟ್ರು ಅದನ್ನು ಬೀರುವಿನಿಂದ ತೆಗೆಯುವುದು ಪ್ರದರ್ಶನದ ದಿನವೇ, ಮೊದಲೇ ಕೂಗಿಸಿ ನೋಡುವಂತಿರಲಿಲ್ಲ. ಬೇಕಾಗಿದ್ದದ್ದು ಒಂದೇ ಒಂದು ಟ್ರಾನ್ಸಿಸ್ಟರ್, ರೇಡಿಯೊದೊಳಗಿರುವ ಪುಟ್ಟ ಬಿಡಿಭಾಗ. ತರೀಕೆರೆಯಲ್ಲಿ ಕೇಳಿದರೆ ಅಂಗಡಿಯವನು ಇಡೀ ರೇಡಿಯೊವನ್ನೇ ಎತ್ತಿ ತೋರಿಸಿದ. ಆಗ ಜನ ರೇಡಿಯೊಗೇ ಟ್ರಾನ್ಸಿಸ್ಟರ್ ಎನ್ನುತ್ತಿದ್ದರಲ್ಲ!

ಮರುದಿನ ಅದನ್ನು ಹುಡುಕಿಕೊಂಡು ಕಡೂರಿಗೆ ಹೊರಟವಳನ್ನು ಮಾವನೇ ತಡೆದರು. "ಅಷ್ಟು ದೂರ ಯಾಕವ್ವ, ನಾನಿಲ್ವಾ?" ಎಂದು ಒಂದು ತಗಡಿನ ಡಬ್ಬಿಯಿಂದ ಟ್ರಾನ್ಸಿಸ್ಟರ್ ತೆಗೆದುಕೊಟ್ಟರು. ಅದರ ಮೂರು ಕಾಲಲ್ಲಿ ಒಂದು ಗಿಡ್ಡ. ಯಾಕೆಂದು ಕೇಳಿದೆ.

"ಹಳೇ ಸೆಟ್ಟಿಂದು ಕಣವ್ವ, ಹಂಗೇ ಇರ್ತವೆ."

ನಂಬಿದೆ. ಗಿಡ್ಡ ಕಾಲಿಗೆ ತಂತಿಯ ತುಂಡು ಬೆಸೆದು ಉದ್ದ ಮಾಡಿಕೊಂಡೆ.

ಕಡೂರಿನಲ್ಲಿ ತೀರ್ಪುಗಾರರು ನನ್ನ ಪುಟ್ಟ ತೊಟ್ಟಿಗೆ ನೀರು ಸುರಿದರು. ಇನ್ನಷ್ಟು ಸುರಿದರು. ಮೇಜೆಲ್ಲ ಒದ್ದೆಯಾಯಿತು, ಬಜರ್ ಕಮಕ್ ಕಿಮಕ್ ಎನ್ನಲಿಲ್ಲ. ಹಿಂದೆ ನಿಂತಿದ್ದ ಅಪ್ಪ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಎಲ್ಲಿ ತಪ್ಪಿದೆನೆಂದು ಕೇಳಲು ಮಾರನೆಯ ದಿನ ಮಾವನ ಬಳಿ ಹೋದೆ. ಅವರು ಯಾರದೋ ರೇಡಿಯೊದಿಂದ ಬಿಚ್ಚಿದ ಟ್ರಾನ್ಸಿಸ್ಟರನ್ನು ಮೀಟರಿಗೆ ಹಿಡಿದು ನೋಡಿ, ಒಂದು ಕಾಲು ಕತ್ತರಿಸಿ, ಅದೇ ಡಬ್ಬಿಗೆ ಹಾಕಿದರು.

"ಕಾಲು ಯಾಕೆ ಕತ್ತರಿಸಿದ್ರಿ, ಮಾವ?"

"ಸತ್ತಿದ್ದಕ್ಕೆ ಗುರುತು ಕಣವ್ವ. ಒಳ್ಳೇದ್ರ ಜೊತೆ ಬೆರೀಬಾರ್ದಲ್ಲ..." ಕೆಲಸದ ಗುಂಗಿನಲ್ಲಿ ಅಂದವರು ತಲೆಯೆತ್ತಿ ನನ್ನ ಮುಖ ನೋಡಿದರು.

"ಗೊತ್ತಿದ್ದೂ ಕೊಟ್ರಾ?"

"ಅಯ್ಯೋ, ಹೆಣ್ಣುಡುಗಿ, ಚೆಂದಕ್ಕೆ ಮೇಜಿನ ಮೇಲೆ ಇಡ್ತೀಯ ಅನ್ಕಂಡೆ. ನೀರು ಹುಯ್ದು ನೋಡ್ತಾರೆ ಅಂತ ಯಾರಿಗ್ಗೊತ್ತಿತ್ತು?"

ಅಪ್ಪನ ಷರತ್ತನ್ನು ಅವರಿಗೆ ಹತ್ತು ಸಲ ಹೇಳಿದ್ದೆ. ಅವರು ಕಿವಿಗೇ ಹಾಕಿಕೊಂಡಿರಲಿಲ್ಲ. ಅಪ್ಪ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ನಾನು ಆರ್ಟ್ಸ್ ಸೇರಿದೆ. ಅವರ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. ಈಗ ಜಗಳವಾಡೋಣವೆಂದರೂ ಅವರಿಲ್ಲ... ಅವತ್ತು "ನನ್ನ ಹತ್ರ ಇಲ್ಲ ಕಣವ್ವ" ಎಂದಿದ್ದರೆ ಸಾಕಿತ್ತು. ನಾನು ಕಡೂರಿನ ಬಸ್ಸು ಹತ್ತುತ್ತಿದ್ದೆ.