ಬಿಳಿ ಅಂಗಿಗೆ ಹತ್ತಿದ ಕೆಮ್ಮಣ್ಣು

ಹೊಸಕೋಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಬಾಹ್ಯಾಕಾಶದ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಈ ವರ್ಷ ರಾಕೆಟ್ಟನ್ನು ಬದಿಗಿಟ್ಟು, ಅದರೊಳಗೆ ಕೂತು ಹೋಗುವವರ ಮೈಗೆ ಏನಾಗುತ್ತದೆ ಎಂದು ಹೇಳಿದೆ. ಭಾರವಿಲ್ಲದ ಬದುಕು, ನಿದ್ದೆಗೇಡು, ಒತ್ತಡ ಎಲ್ಲ ಸೇರಿ ರೋಗ ತಡೆಯುವ ಶಕ್ತಿ ಮಂಕಾಗುತ್ತದೆ. ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಸೀತಾಳೆ ಸಿಡುಬು, ಆದಾಗ ಮೈಯೊಳಗೆ ಸೇರಿ, ನರದ ಬುಡದಲ್ಲಿ ಮಲಗಿದ್ದ ವೈರಸ್ಸು ಮತ್ತೆ ಎದ್ದು ಗಗನಯಾತ್ರಿಗಳ ಉಗುಳಿನಲ್ಲಿ ಕಾಣಿಸಿಕೊಳ್ಳುತ್ತದೆ. ನೆಲದ ಮೇಲಿರುವ ನಮ್ಮಲ್ಲಿ ಅದೇ ವೈರಸ್ಸು ಎದ್ದರೆ ಸರ್ಪಸುತ್ತು.

"ಹಾವೂ ಇಲ್ಲ, ಶಾಪನೂ ಇಲ್ಲ. ಇನ್ನೂ ಕೆಮ್ಮಣ್ಣು ಬಳ್ಕೊಂಡು ಕೂರೋರಿಗೆ ಏನ್ ಹೇಳ್ಬೇಕು?" ಎಂದೆ. ತರಗತಿಯೆಲ್ಲ ಗೊಳ್ಳೆಂದಿತು.

ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ. ಪಾಠ ಮುಗಿದ ಮೇಲೆ ಬಂದು, ತನ್ನ ಅಜ್ಜಿಗೆ ಹಣೆಯಿಂದ ಕಣ್ಣಿನವರೆಗೂ ಅದೇ ಗುಳ್ಳೆ ಎದ್ದಿದೆ ಎಂದಳು. "ಕಣ್ಣೇ ಹೋಗ್ಬಹುದು ಕಣಮ್ಮಾ, ತಡ ಮಾಡ್ಬೇಡಿ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಎಂದೆ.

ಅಷ್ಟು ಮಾತಾಡುವಾಗ ನನ್ನ ಸೊಂಟವೂ ಉರಿಯುತ್ತಿತ್ತು. ಡಾಕ್ಟರು ಸರ್ಪಸುತ್ತು ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಅವತ್ತು ಸಂಜೆ ನಮ್ಮಮ್ಮ ಸರ್ಪಸುತ್ತು ಬರೆಯುವ ಮುದುಕನನ್ನು ಕರೆಸಿದಳು. ನಾನು ಬೇಡ ಎನ್ನಲಿಲ್ಲ. ಆತ ಗುಳ್ಳೆಗಳ ಸುತ್ತ ಕೆಮ್ಮಣ್ಣಿನಲ್ಲಿ ಹಾವು ಬರೆದ. ಗುಳ್ಳೆ ಸೊಂಟ ಸುತ್ತಿ ಸರ್ಪದ ತಲೆ ಬಾಲ ಕೂಡಿದರೆ ಜೀವ ಉಳಿಯದು ಎಂದು ಚಿಕ್ಕಂದಿನಿಂದ ಕೇಳಿದ್ದೆ. "ಕೂಡಲ್ಲ ತಾನೇ, ತಾತಾ?" ಎಂದು ಕೇಳಿಯೇಬಿಟ್ಟೆ.

ಮಾರನೆಯ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಆಟೋ ನಿಂತಿತು. ಒಳಗೆ ಹುಡುಗಿ, ಅವಳ ತಾಯಿ, ಸೆರಗನ್ನು ಹಣೆ ಮುಚ್ಚುವಂತೆ ಎಳೆದುಕೊಂಡ ಅಜ್ಜಿ. ನನ್ನನ್ನು ಕಂಡು ಮಾತಾಡಿಸಿಯೇ ಆಸ್ಪತ್ರೆಗೆ ಹೋಗುವುದೆಂದು ಅಜ್ಜಿ ಹಟ ಹಿಡಿದಿದ್ದಳಂತೆ. ನಾನು ಬಗ್ಗಿ ನಮಸ್ಕಾರ ಹೇಳುವಷ್ಟರಲ್ಲಿ ತಾಯಿಯ ಕಣ್ಣು ನನ್ನ ಸೊಂಟಕ್ಕೆ ಬಿತ್ತು. ಬೆವರಿಗೆ ಕರಗಿದ ಕೆಮ್ಮಣ್ಣು ಬಿಳಿ ಅಂಗಿಗೆಲ್ಲ ಹತ್ತಿಕೊಂಡಿತ್ತು.

"ಮೇಷ್ಟ್ರೇ ಹಚ್ಚುಸ್ಕೊಂಡವ್ರಲ್ಲಾ!" ಎಂದಳು ಅಜ್ಜಿ. "ಆಟೋ ತಿರುಗ್ಸಪ್ಪಾ, ಮನೆಗೋಗನ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನಾದರೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುದುಕಿಯ ಕಣ್ಣು ಹೋಗುವುದರಲ್ಲಿತ್ತು. ಜೇಬಿನಿಂದ ಮಾತ್ರೆ ತೆಗೆದು ತೋರಿಸಿದೆ.

"ವಾಸಿಯಾಗಕ್ಕೆ ಇದನ್ನ ನುಂಗ್ತಿದ್ದೀನಿ ಅಜ್ಜಿ. ಮಣ್ಣು ಹಚ್ಚುಸ್ಕೊಂಡಿದ್ದು ಭಯಕ್ಕೆ."

"ನಿಮ್ಗೂ ಭಯ ಆಯ್ತಾ?" ಅಜ್ಜಿ ನನ್ನನ್ನೇ ನೋಡುತ್ತ ಮೆಲ್ಲಗೆ ಸೆರಗು ಸರಿಸಿದಳು. "ಮಣ್ಣು ಹಚ್ಕೊಂಡೋರ್ನ ಕಂಡ್ರೆ ನಗ್ತೀರಂತೆ. ಅದ್ಕೇ ಬೆಳಿಗ್ಗೆ ಎದ್ದು ಎಲ್ಲಾ ಉಜ್ಜಿ ತೊಳ್ಕಂಡ್ ಬಂದೆ ಕಣಪ್ಪಾ."

ಹಣೆಯ ಗುಳ್ಳೆಗಳೆಲ್ಲ ಒಡೆದು ರಕ್ತ ಒಸರುತ್ತಿತ್ತು. ನಾನು ಅಂಗಿ ಬದಲಿಸಲು ಹೋಗದೆ, ಡ್ರೈವರನ ಪಕ್ಕದಲ್ಲಿ ಹತ್ತಿ ಕೂತು ಆಸ್ಪತ್ರೆಯ ದಾರಿ ಹೇಳಿದೆ.