ಭಾವನ ನಿದ್ದೆ, ಸೂರ್ಯನ ಅಂಚು

ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು. ಬೆಳಗಿನ ತನಕ ಒಲೆಯ ಬಾಯಿಗೆ ಮುಖ ಕೊಟ್ಟು ನಿಂತ ಮನುಷ್ಯ ಮನೆಗೆ ಬಂದು ಏನು ಮಾಡಬೇಕು? ಕಾಲು ಚಾಚಿ ಮಲಗಬೇಕು. ಇವರು ತಾರಸಿ ಹತ್ತಿ ಇನ್ನೂ ದೊಡ್ಡ ಒಲೆಯ ಮುಂದೆ ಕೂರುತ್ತಾರೆ. ಸೂರ್ಯನ ಫೋಟೊ ತೆಗೆಯುತ್ತಾರೆ.

ಅದಕ್ಕೆಂದೇ ಒಂದು ದೂರದರ್ಶಕ ಇದೆ. ಅದರ ಫಿಲ್ಟರ್ ಬೇರೆಲ್ಲ ಬೆಳಕನ್ನು ತಡೆದು, ಜಲಜನಕ ಸೂಸುವ ಒಂದೇ ಒಂದು ಕೆಂಪನ್ನು ಒಳಗೆ ಬಿಡುತ್ತದೆ. ಆಗ ಸೂರ್ಯನ ಅಂಚಿನಲ್ಲಿ ಬೆಂಕಿಯ ನಾಲಗೆಗಳು, ಕಮಾನುಗಳು ಕಾಣುತ್ತವೆ. ಒಂದೊಂದರಲ್ಲಿ ನಮ್ಮ ಭೂಮಿಯಂಥವು ಹಲವು ಹಿಡಿಸುತ್ತವಂತೆ. ಭಾವ ಇದನ್ನು ವಿವರಿಸಿದಾಗ ನಾನು "ಹೌದಾ!" ಎಂದು ಕಣ್ಣರಳಿಸಿದೆ. ಕಿವಿ ಮಾತ್ರ ಅಡುಗೆಮನೆಯ ಲೋಟದ ಸದ್ದಿನ ಕಡೆಗಿತ್ತು. ಬಿಸಿಲನ್ನು ಬಟ್ಟೆ ಒಣಗಿಸಲು ಬಿಟ್ಟು ಇನ್ಯಾವುದಕ್ಕೂ ಬಳಸದ ವಂಶ ನಮ್ಮದು.

ಈ ಫೋಟೊಗೆ ಬೆಳಗಿನ ಹೊತ್ತೇ ಆಗಬೇಕು. ತಾರಸಿ ಕಾದರೆ ಗಾಳಿ ನಡುಗಿ, ಸೂರ್ಯ ಕುದಿಯುವ ನೀರಿಗೆ ಬಿದ್ದ ತಟ್ಟೆಯ ಹಾಗೆ ಕುಣಿಯುತ್ತಾನೆ. ಭಾವನ ನಿದ್ದೆಗೂ ಅದೇ ಹೊತ್ತು. ಸೋಲುತ್ತಿದ್ದದ್ದು ಯಾವಾಗಲೂ ನಿದ್ದೆ. ಮಾತಿನ ನಡುವೆ ಅವರ ರೆಪ್ಪೆ ಕೆಳಗಿಳಿಯುತ್ತಿತ್ತು. ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಕಾಲಿದೆ ಎಂಬುದನ್ನೇ ಮರೆತು ಬಾಗಿಲಲ್ಲಿ ಕೂತುಬಿಡುತ್ತಿದ್ದರು. ಕೊನೆಗೆ ಕಾರ್ಖಾನೆಯ ಒಲೆಯ ಮುಂದೆಯೇ ತೂಕಡಿಸಿದರು. ಒಂದು ಒಲೆ ತುಂಬ ಬ್ರೆಡ್ಡು ಇದ್ದಿಲಾಯಿತು. "ಇನ್ನೊಂದ್ಸಲ ಹೀಗಾದ್ರೆ ನೀವು ಮನೇಲೇ ಇದ್ಬಿಡಿ" ಎಂದರಂತೆ ಮೇಲ್ವಿಚಾರಕರು.

ಅಕ್ಕ ಪಂಚಾಯಿತಿ ಸೇರಿಸಿದಳು. ಪಂಚರು ಅಂತ ಬಂದವನು ನಾನೊಬ್ಬನೇ.

"ರೀ, ನಿಮ್ಗೆ ಸೂರ್ಯ ಬೇಕೋ, ಕೆಲಸ ಬೇಕೋ?"

"ಒಂದೇ ಒಂದು ಒಳ್ಳೇ ಫೋಟೊ ಸಿಗ್ಲಿ ಕಣೇ. ಅಂಚಿಂದ ಬೆಂಕಿ ಕಿತ್ಕೊಂಡು ಮೇಲಕ್ಕೆ ಹಾರ್ತದಲ್ಲ, ಅದು. ಗೋಡೆಗೆ ಹಾಕ್ಬಿಟ್ಟು ಬೆಳಗ್ಗೆ ಹೊತ್ತು ಮಲಗ್ಬಿಡ್ತೀನಿ."

ಅಕ್ಕ ನನ್ನ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯೇನೋ? ನಾಳೆ ಇಲ್ಲ ಅಂದ್ರೆ ನೀನೇ ಸಾಕ್ಷಿ."

ತಲೆಯಾಡಿಸಿದೆ. ನನ್ನ ಸಾಕ್ಷಿಗೆ ನನ್ನ ಮನೆಯಲ್ಲೇ ಕವಡೆ ಕಿಮ್ಮತ್ತಿಲ್ಲ ಎಂಬುದನ್ನು ಅಲ್ಲಿ ಎತ್ತಲಿಲ್ಲ.

ಮುಂದಿನ ವಾರ ಒಂದು ಬೆಳಗ್ಗೆ ಭಾವ ಎಂದಿನಂತೆ ತಾರಸಿಯಲ್ಲಿದ್ದರು. ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆ ಕಾಣದಾದ್ದರಿಂದ ಅಕ್ಕನ ಹಳೆಯ ಕಪ್ಪು ಶಾಲನ್ನು ತಲೆಯ ಮೇಲಿಂದ ಹೊದ್ದು ಅದರೊಳಗೆ ಕೂರುವುದು ಅವರ ಪದ್ಧತಿ. ದೂರದಿಂದ ನೋಡಿದರೆ ಯಾರೋ ನೆಗಡಿಗೆ ಹಬೆ ತೆಗೆದುಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ಅಂಚಿನ ಬೆಂಕಿ ಬಹಳ ಮಸುಕು. ಅದು ಕಾಣಲೆಂದು ಕ್ಯಾಮೆರಾಗೆ ಬೆಳಕು ಹೆಚ್ಚು ಬಿಟ್ಟು, ನಡುವಿನ ಸೂರ್ಯನನ್ನು ಮೈದಾಹಿಟ್ಟಿನಂತೆ ಬೆಳ್ಳಗೆ ಮಾಡಿ, ತುಣುಕು ತುಣುಕಾಗಿ ರೆಕಾರ್ಡ್ ಆಗುವಂತೆ ಹೊಂದಿಸಿದರು. ಶಾಲಿನೊಳಗೆ ಕತ್ತಲು, ಬೆಚ್ಚಗೆ ಬೇರೆ. ನಿದ್ದೆ ಅಲ್ಲೇ ಹೊಂಚು ಹಾಕಿತ್ತು.

ಅಕ್ಕನ ಹಿಂದೆ ಒದ್ದೆಬಟ್ಟೆಯ ಬಕೆಟ್ ಹೊತ್ತು, ಏದುಸಿರು ಬಿಡುತ್ತಾ ನಾನು ಮೇಲೆ ಹೋದಾಗ ಶಾಲು ಗೊರಕೆ ಹೊಡೆಯುತ್ತಿತ್ತು.

"ಎಬ್ಬಿಸ್ಲಾ?"

"ಎಬ್ಸಿದ್ರೆ ನೋಡು! ಎಷ್ಟು ದಿನಕ್ಕೆ ಮಲಗಿದಾರೆ ಪಾಪ."

ಆದರೆ ಶಾಲಿನ ತುದಿ ಎತ್ತಿ ಇಣುಕಿದರೆ, ಪರದೆಯಲ್ಲಿ ಸೂರ್ಯ ಪಕ್ಕಕ್ಕೆ ಜಾರುತ್ತಿದ್ದ. ದೂರದರ್ಶಕವನ್ನು ಸೂರ್ಯನ ಹಿಂದೆಯೇ ತಿರುಗಿಸಬೇಕಾದ ಮೋಟಾರು ಭಾವನಷ್ಟೇ ದಣಿದದ್ದು, ನಡುನಡುವೆ ಹಿಂದೆ ಬೀಳುತ್ತದೆ. ಸೂರ್ಯ ಪರದೆ ದಾಟಿದರೆ ಲ್ಯಾಪ್‌ಟಾಪ್ ಕಿರುಚಿಕೊಳ್ಳುವಂತೆ ಭಾವ ಮಾಡಿಟ್ಟಿದ್ದರು. ಕಿರುಚಿತೋ, ನಿದ್ದೆ ಹೋಯಿತು. ಯಾವ ಗುಂಡಿ ಒತ್ತಿದರೆ ಸೂರ್ಯ ಯಾವ ಕಡೆ ಬರುತ್ತಾನೆ ಎಂಬುದನ್ನು ಅಕ್ಕ ಬಟ್ಟೆ ಹರವುತ್ತಾ ವರ್ಷಗಳಿಂದ ನೋಡಿದ್ದಳು. ಮೆಲ್ಲಗೆ ತಾನೂ ಶಾಲಿನೊಳಗೆ ನುಸುಳಿದಳು.

"ಬಟ್ಟೆ ನೀನೇ ಹಾಕೋ."

ಹಾಕಿದೆ. ಹಾಸಿಗೆ ಹೊದಿಕೆಗಳನ್ನು ಒಬ್ಬನೇ ಹಿಂಡಿ, ಕೊಡವಿ, ತಂತಿಗೆ ಎಸೆಯುವಷ್ಟರಲ್ಲಿ ನನ್ನ ತೋಳುಗಳು ಬಿದ್ದುಹೋದವು. ಶಾಲಿನೊಳಗಿಂದ ಪಿಸುಮಾತು ಬಂತು.

"ಲೋ, ಅಂಚಲ್ಲೇನೋ ಕೂದಲು ಅಂಟ್ಕೊಂಡಿದೆ. ಊದಿದ್ರೂ ಹೋಗ್ತಿಲ್ಲ."

"ಸೆರಗಲ್ಲಿ ಒರೆಸಕ್ಕಾ" ಎಂದೆ, ವಿಜ್ಞಾನಿಯ ಗತ್ತಿನಲ್ಲಿ.

"ಒರೆಸ್ದೆ ಕಣೋ. ಇನ್ನೂ ಉದ್ದ ಆಗ್ತಿದೆ." ಎಷ್ಟೋ ಹೊತ್ತಾದ ಮೇಲೆ, "ಅಯ್ಯೋ, ಈಗ ಬುಡ ಬಿಟ್ಟು ಮೇಲಕ್ಕೇ ಹೋಯ್ತು!"

ಭಾವ ಎದ್ದಾಗ ಬಟ್ಟೆ ಅರ್ಧ ಒಣಗಿತ್ತು. ರೆಕಾರ್ಡ್ ಆದದ್ದನ್ನು ಮುಂದೆ ಓಡಿಸಿ, ಹಿಂದೆ ಓಡಿಸಿ ನೋಡಿದರು. ಕಪ್ಪು ಬಾನಿನಲ್ಲಿ ಬೆಂಕಿಯ ಎಳೆ ಸೂರ್ಯನಿಂದ ಕಿತ್ತುಕೊಂಡು ಹಾರುತ್ತಿತ್ತು, ಚೌಕಟ್ಟಿನಿಂದ ಎಲ್ಲೂ ಜಾರಿರಲಿಲ್ಲ. ಅವರ ಮುಖ ಒಲೆಯೊಳಗಿನ ಬ್ರೆಡ್ಡಿನಂತೆ ಉಬ್ಬಿತು. ಆಮೇಲೆ ಕೊಟ್ಟ ಮಾತು ನೆನಪಾಗಿರಬೇಕು, ಕುಸಿಯಿತು.

"ಇದು ಲೆಕ್ಕಕ್ಕಿಲ್ಲ. ನಾನು ಮಲಗಿದ್ದೆ. ನಾನು ತೆಗೆದದ್ದಲ್ಲ."

"ಹಂಗಾದ್ರೆ ನಾನು ತೆಗೆದದ್ದು. ನನ್ ಫೋಟೊ, ನಾನೇ ಗೋಡೆಗೆ ಹಾಕ್ತೀನಿ. ಮಾತು ಮಾತೇ."

"ಮತ್ತೆ ಬೆಳಗ್ಗೆ ಸೂರ್ಯನ್ನ ನೋಡೋರ್ಯಾರು?"

"ಹೆಂಗೂ ಬಟ್ಟೆ ಹಾಕೋಕೆ ಬರ್ತೀನಲ್ಲ. ನಾನು ನೋಡ್ತೀನಿ. ನೀವು ಬಿದ್ಕೊಳ್ಳಿ."

ಭಾವ ಪಂಚನ ಮುಖ ನೋಡಿದರು. ಪಂಚ ಒಂದು ಬಟ್ಟೆಕ್ಲಿಪ್ಪನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ.

ಈಗ ಭಾವ ಆ ಫೋಟೊದ ಕೆಳಗೇ ಮಲಗುತ್ತಾರೆ. ಬ್ರೆಡ್ಡು ಮತ್ತೆ ಸುಟ್ಟಿಲ್ಲ. ಮೊನ್ನೆ ಬೆಳಗ್ಗೆ ಹೋದರೆ ಅಕ್ಕ ತಾರಸಿಯಲ್ಲಿ ಶಾಲು ಹೊದ್ದಿದ್ದಳು. ಕೆಳಗಿನ ಕೋಣೆಯ ಕಿಟಕಿಯಿಂದ ನಿದ್ದೆಗಣ್ಣಿನ ದನಿ ಬಂತು.

"ಅಂಚಲ್ಲೇನಾದ್ರೂ ಇದ್ಯೇನೇ?"

ನಾನು ಶಾಲಿನೊಳಗೆ ಇಣುಕಿದೆ. ಪರದೆಯ ಅಂಚಿನಲ್ಲಿ ದೊಡ್ಡದೊಂದು ಬೆಂಕಿಯ ಕಮಾನು ಎದ್ದು ನಿಂತಿತ್ತು.

"ಏನೂ ಇಲ್ಲ, ಮಲ್ಕೊಳ್ರೀ" ಎಂದು ಕೂಗಿದ ಅಕ್ಕ, ರೆಕಾರ್ಡಿನ ಗುಂಡಿ ಒತ್ತಿ ನನ್ನ ಕಡೆ ತಿರುಗಿದಳು. "ಏನ್ ನೋಡ್ತಿದ್ದೀಯ? ಬಕೆಟ್ ಅಲ್ಲಿದೆ."